ಸಾಹೇಬರ ಗಾಜು ತೊಳೆದದ್ದು

ಆಗ ನನಗೆ ಇಪ್ಪತ್ತಮೂರು ವರ್ಷ. ಇದೆಲ್ಲ ಆಗಿ ಅರವತ್ತು ವರ್ಷವಾಯಿತು. ಬೆಳಗಾವಿಯಲ್ಲಿ ದೊಡ್ಡ ಅಧಿವೇಶನ ನಡೆದ ಮರುವರ್ಷ ಎಂದರೆ ಹಳಬರಿಗೆ ತಿಳಿಯುತ್ತದೆ. ಆ ಅಧಿವೇಶನ ನೋಡಲು ಊರಿಗೆ ಊರೇ ಹೋಯಿತು. ನಾನು ಹೋಗಲಿಲ್ಲ. ಭಜಿ ಕರಿಯುವುದಿತ್ತು.

ಕಳೆದ ತಿಂಗಳು ಖಾನಾಪುರದ ಕಡೆಯಿಂದ ನಾಲ್ಕು ಜನ ಬೆಳಗಾವಿಯ ನಮ್ಮ ಮನೆಗೆ ಬಂದಿದ್ದರು. ಹಳ್ಳದ ಸೇತುವೆ ಕೆಡವಿ ಹೊಸದು ಕಟ್ಟುತ್ತಾರಂತೆ, ಹಳೆಯದನ್ನು ಉಳಿಸಬೇಕು, ಅಲ್ಲಿ ಬಾಳಿದವರಲ್ಲಿ ನೀವೊಬ್ಬರೇ ಉಳಿದಿದ್ದೀರಿ, ಅರ್ಜಿಗೆ ಸಹಿ ಹಾಕಿರಿ ಎಂದರು. ಅವರು ಹಳೆಯದು ಎನ್ನುತ್ತಿದ್ದದ್ದು ನನ್ನ ಕಣ್ಣೆದುರಿಗೆ ಕಟ್ಟಿದ ಹೊಸ ಸೇತುವೆ. ಅದಕ್ಕಿಂತ ಮೊದಲು ಇನ್ನೊಂದಿತ್ತು. ಅದನ್ನು ಉಳಿಸಲು ಹೋಗಿ ಕೆಡವಿಸಿದವಳು ನಾನೇ. ನನ್ನ ಕೈ ತಾಗಿದರೆ ಇದೂ ಬಿದ್ದೀತು ಎಂದೆ. ಅವರು ನಕ್ಕರು, ಚಹಾ ಕುಡಿದರು, ಹೋದರು. ತಮಾಷೆ ಎಂದುಕೊಂಡರು.

ಪಾರಿಶ್ವಾಡದಿಂದ ಖಾನಾಪುರಕ್ಕೆ ಬರುವ ಗಾಡಿದಾರಿಗೆ ಒಂದು ಹಳ್ಳ ಅಡ್ಡ ಬರುತ್ತಿತ್ತು. ಅದರ ಮೇಲೆ ಮೂರು ಕಮಾನಿನ ಕಲ್ಲಿನ ಸೇತುವೆ. ನಡುವೆ ಗೂನುಬೆನ್ನಿನಂತೆ ಉಬ್ಬು. ಯಾರು ಕಟ್ಟಿಸಿದರು ಎಂದು ಯಾರಿಗೂ ಗೊತ್ತಿರಲಿಲ್ಲ. ಅಗಲ ಒಂದೇ ಗಾಡಿಯದು. ಎರಡು ಗಾಡಿ ಎದುರುಬದುರಾದರೆ ಒಂದು ಹಿಂದೆ ಸರಿಯಬೇಕು. ಯಾವುದು ಸರಿಯಬೇಕು ಎಂದು ಜಗಳ. ಜಗಳ ಮುಗಿಯುವ ಹೊತ್ತಿಗೆ ಎರಡೂ ಕಡೆಯವರಿಗೆ ಹಸಿವು. ಪಾರಿಶ್ವಾಡದ ಬದಿಯ ದಂಡೆಯ ಮೇಲೆ ನನ್ನ ಗುಡಿಸಲು ಇತ್ತು. ಝುಣಕ, ರೊಟ್ಟಿ, ಮಜ್ಜಿಗೆ, ಭಜಿ. ಸೇತುವೆ ಅಗಲವಾಗಿದ್ದರೆ ನನ್ನ ಭಜಿಯನ್ನು ಯಾರೂ ತಿನ್ನುತ್ತಿರಲಿಲ್ಲ. ಖರೇ ಹೇಳಬೇಕೆಂದರೆ ಅದು ತಿನ್ನುವಂಥ ಭಜಿಯೂ ಆಗಿರಲಿಲ್ಲ.

ಮನೆಯಲ್ಲಿ ನಾನು, ನನ್ನ ಅತ್ತೆ. ಗಂಡ ಖಾನಾಪುರದ ಕಟ್ಟಿಗೆ ಅಡ್ಡೆಯಲ್ಲಿ ದುಡಿಯುತ್ತಿದ್ದ, ವಾರಕ್ಕೊಮ್ಮೆ ಬರುತ್ತಿದ್ದ, ಉಂಡು ಮಲಗಿ ಹೋಗುತ್ತಿದ್ದ. ಗುಡಿಸಲು ಹಾಕುವ ಮುಂಚೆ ಅತ್ತೆ ಸೊಸೆ ಇಬ್ಬರೂ ಮಂದಿಯ ಗದ್ದೆಯಲ್ಲಿ ನಾಟಿ, ಕಳೆ ಎಂದು ಮಂಡಿಯುದ್ದ ಕೆಸರಿನಲ್ಲಿ ಬಗ್ಗಿ ನಿಲ್ಲುತ್ತಿದ್ದೆವು. ಗುಡಿಸಲು ಹೋದರೆ ಮತ್ತೆ ಅದೇ ಕೆಸರು. ಅತ್ತೆಯ ಸೊಂಟ ಆಗಲೇ ಮುರಿದಂತಾಗಿತ್ತು. ನನ್ನ ಸೊಂಟ ಗಟ್ಟಿಯಿತ್ತು, ಆದರೆ ಬಗ್ಗುವ ಮನಸ್ಸಿರಲಿಲ್ಲ.

ಆ ವರ್ಷ ಬೇಸಿಗೆಯಲ್ಲಿ ಸುದ್ದಿ ಬಂತು. ಸರಕಾರದವರು ಹಳೆಯ ಸೇತುವೆ ಕೆಡವಿ, ಅದರ ಕಲ್ಲು ಒಯ್ದು, ಅರ್ಧ ಮೈಲು ಕೆಳಗೆ ಅಗಲವಾದ ಹೊಸ ಸೇತುವೆ ಕಟ್ಟುತ್ತಾರೆ. ದಾರಿಯೂ ಅತ್ತಲೇ ತಿರುಗುತ್ತದೆ. ಕೆಳಗಿನ ಊರಿನವರು ಕುಣಿದರು. ನಮ್ಮ ಮೇಲಿನ ಕೇರಿಯವರು, ಗಾಡಿ ಹೊಡೆಯುವವರು, ಬೆಳಗಾವಿಗೆ ಹೋಗಿ ಇಂಜಿನಿಯರ ಸಾಹೇಬರ ಕಾಲಿಗೆ ಬೀಳೋಣ ಎಂದು ಹೊರಟರು. ನನ್ನನ್ನು ಯಾರೂ ಕರೆಯಲಿಲ್ಲ. ನಾನೇ ಭಜಿಯ ಗಂಟು ಕಟ್ಟಿಕೊಂಡು ಖಾನಾಪುರದಲ್ಲಿ ರೈಲು ಹತ್ತಿದೆ. ಮೊದಲ ಸಲ ರೈಲು. ಕಿಟಕಿಯ ಹೊರಗೆ ಏನಿತ್ತೋ ನೋಡಲಿಲ್ಲ. ದಾರಿಯುದ್ದಕ್ಕೂ ಏನು ಮಾತಾಡಬೇಕು ಎಂದು ತುಟಿ ಅಲ್ಲಾಡಿಸುತ್ತಾ ಕುಳಿತಿದ್ದೆ. ಎದುರಿನ ಹೆಂಗಸು ಜಪ ಮಾಡುತ್ತಿದ್ದೇನೆ ಎಂದುಕೊಂಡು ಸರಿದು ಜಾಗ ಕೊಟ್ಟಳು.

ಕಚೇರಿ ದಂಡಿನ ಕ್ಯಾಂಪಿನ ಕಡೆ ಇತ್ತು. ಕೆಳಗಿನ ಊರಿನವರೂ ಬಂದಿದ್ದರು. ಅಂಗಳದ ಆಲದ ಮರದ ಕೆಳಗೆ ಎರಡೂ ಕಡೆಯವರನ್ನು ಎದುರುಬದುರು ನಿಲ್ಲಿಸಿದರು. ಸಾಹೇಬರು ಬಿಳಿಯರಲ್ಲ, ನಮ್ಮವರೇ. ಮನೆಮಾತು ಮರಾಠಿ, ಕನ್ನಡ ಚೆನ್ನಾಗಿ ಬರುತ್ತಿತ್ತು. ತೆಳ್ಳಗಿನ ಮನುಷ್ಯ, ಕೊಡೆ ಬಿಟ್ಟು ಕೂರುತ್ತಿರಲಿಲ್ಲ.

ಕೆಳಗಿನ ಊರಿನ ಹಿರಿಯ ಮೊದಲು ಮಾತಾಡಿದ. "ನಮ್ಮೂರಾಗ ಯಾರಿಗರ ಜಡ್ಡು ಬಂದ್ರ ಖಾನಾಪುರಕ್ಕ ಹೊತ್ಕೊಂಡು ಹೋಗಬೇಕ್ರಿ. ಸರ್ವಿಸ್ ಮೋಟಾರು ಬರತೈತಿ, ಆದ್ರ ಆ ಗೂನು ಪೂಲಿನ ಮ್ಯಾಲ ಅದರ ಹೊಟ್ಟಿ ಸಿಗಬೀಳತೈತಿ. ಹಿಂದಕ್ಕೂ ಬರೂದಿಲ್ಲ, ಮುಂದಕ್ಕೂ ಹೋಗೂದಿಲ್ಲ."

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಹಾಗೆ ಸಿಕ್ಕಿಬಿದ್ದ ಮೋಟಾರಿನವರಿಗೆ ನಾನೇ ಎರಡು ಸಲ ರೊಟ್ಟಿ ಮಾರಿದ್ದೆ. ಆದರೂ ನಾನು ಸೆರಗು ಬಿಗಿದು ಮುಂದೆ ಬಂದೆ.

"ಪೂಲು ಯಾಕ ಕೆಡವತೀರಿ? ಮೋಟಾರಿನ ಹೊಟ್ಟಿ ಸಣ್ಣದು ಮಾಡಸ್ರಿ!"

ಎಲ್ಲರೂ ನಕ್ಕರು. ನನ್ನ ಪರವಾಗಿ ನಗುತ್ತಿದ್ದಾರೆ ಎಂದುಕೊಂಡು ನನಗೆ ಇನ್ನಷ್ಟು ಹುರುಪು ಬಂತು. "ಅದು ನಮ್ಮ ಹಿರ್ಯಾರು ಕಟ್ಟಿದ ಪೂಲು ಐತ್ರಿ ಸಾಹೇಬ್ರ. ಅದನ್ನ ಕೆಡವಿದ್ರ ನಮ್ಮ ಎದಿ ಮ್ಯಾಲ ಕಬ್ಬಣದ ಹಾರಿ ಹಾಕಿದಂಗ."

"ನಿಮ್ಮ ಹಿರ್ಯಾರು ಅಂದ್ರ ಯಾರು, ಬಾಯಿ?" ಎಂದು ಸಾಹೇಬರು ಮೆತ್ತಗೆ ಕೇಳಿದರು.

ನನ್ನ ಅಪ್ಪ ಧಾರವಾಡದ ಕಡೆಯಿಂದ ಕೂಲಿ ಹುಡುಕಿಕೊಂಡು ಬಂದವನು. ಮಾವ ಈ ಹಳ್ಳ ನೋಡಿದ್ದೇ ಸಾಯುವ ಏಳು ವರ್ಷ ಮುಂಚೆ. "ಎಲ್ಲಾರ ಹಿರ್ಯಾರೂ ಅಂತ ತಿಳಕೋರಿ" ಎಂದೆ. ಮತ್ತೆ ನಗು. ಈ ಸಲ ಯಾರ ಪರವಾಗಿ ಎಂದು ನನಗೂ ತಿಳಿಯಿತು.

ಸಾಹೇಬರು ಮಾತ್ರ ನಗಲಿಲ್ಲ. ಸೇತುವೆಯಲ್ಲಿ ಒಂದು ಬಿರುಕು ಇದೆ ಎಂದರು. ಅದು ಹಳೆಯ ಬಿರುಕಾಗಿ ಸುಮ್ಮನಿದ್ದರೆ ತುಂಬಿ ಗಟ್ಟಿ ಮಾಡಬಹುದು, ಸೇತುವೆ ಉಳಿಯುತ್ತದೆ. ಇನ್ನೂ ಬೆಳೆಯುತ್ತಿದ್ದರೆ ಕೆಡವಲೇಬೇಕು. "ಮಳಿಗಾಲ ಒಂದು ನೋಡೂಣು. ಬಿರುಕು ಏನು ಹೇಳತೈತಿ ಕೇಳೂಣು" ಎಂದರು.

ಮೃಗಶಿರಾ ಮಳೆಗೆ ಮುಂಚೆ ಅವರು ಬಂದರು. ಬಿರುಕು ನಮ್ಮ ದಂಡೆಯ ಕಡೆಯ ಕಮಾನಿನ ಹೆಗಲಲ್ಲಿತ್ತು, ಕೈಗೆ ಎಟುಕುವಷ್ಟು ಎತ್ತರದಲ್ಲಿ. ಬೆರಳುದ್ದದ ಮೂರು ಗಾಜಿನ ಪಟ್ಟಿಗಳನ್ನು ಬಿರುಕಿಗೆ ಅಡ್ಡಲಾಗಿ ಇಟ್ಟು, ಎರಡೂ ತುದಿಗೆ ಸುಣ್ಣದ ಉಂಡೆ ಮೆತ್ತಿ ಅಂಟಿಸಿದರು. ಹಸಿ ಸುಣ್ಣದ ಮೇಲೆ ಮೊಳೆಯಿಂದ ಏನೋ ಗೀಚಿದರು. ಕಲ್ಲು ಕೂದಲೆಳೆಯಷ್ಟು ಅಲ್ಲಾಡಿದರೂ ಗಾಜು ಒಡೆಯುತ್ತದೆ, ಒಡೆಯದಿದ್ದರೆ ಸೇತುವೆ ಗಟ್ಟಿ ಎಂದು ಅರ್ಥ.

"ಇದು ನಮ್ಮ ಹತ್ಯಾರ, ಕೆಲಸದ ಸಾಮಾನು" ಎಂದರು ನನಗೆ. "ಯಾರೂ ಮುಟ್ಟಬಾರದು. ಭಾಳ ಮಾತಾಡಿದಾಕಿ ನೀವು, ಕಾವಲೂ ನಿಮ್ಮದ. ದಸರಾ ಮುಗಿದ ಮ್ಯಾಲ ಬರತೀನಿ."

ನನಗೆ ಅಷ್ಟು ದೊಡ್ಡ ಹುದ್ದೆ ಅದಕ್ಕೆ ಮುಂಚೆಯೂ ಸಿಕ್ಕಿರಲಿಲ್ಲ, ಆಮೇಲೂ ಸಿಗಲಿಲ್ಲ. ಮಳೆ ಹಿಡಿಯಿತು. ದಿನ ಬೆಳಗಾದರೆ ಗೋಣಿಯ ಕೊಪ್ಪೆ ಹೊದ್ದು ಹೋಗಿ ಗಾಜು ನೋಡಿ ಬರುತ್ತಿದ್ದೆ. ಆಡು ಬಂದರೆ ಓಡಿಸಿದೆ. ಕಾಗೆ ಕೂತರೆ ಓಡಿಸಿದೆ. ಕಮಾನಿಗೆ ಒರಗಿ ಬೀಡಿ ಸೇದುವವರನ್ನು ಬೈದು ಎಬ್ಬಿಸಿದೆ. ಅವರು ನನ್ನ ಗಿರಾಕಿಗಳು ಎಂಬುದೂ ಮರೆತುಹೋಗಿತ್ತು. ಕಟ್ಟಿಗೆ ಸಾಗಿಸುವ ಒಬ್ಬ ಮುದುಕ ಗಾಡಿಯವನಿದ್ದ, ದಿನಾ ನನ್ನಲ್ಲೇ ಉಣ್ಣುತ್ತಿದ್ದ. ಅವನು ಗಾಡಿ ನಿಲ್ಲಿಸಿ ಕೂಗುತ್ತಿದ್ದ. "ಏನಬೇ, ಪೂಲಿನ ನಾಡಿ ಹಿಡದು ನೋಡಿದಿ? ಜ್ವರ ಇಳೀತೇನು? ಗಂಜಿ ಕುಡಸೂಣೇನು?"

"ನಿನ್ನ ಎತ್ತಿಗೆ ಕುಡಸು. ಅವು ನಿನ್ನ ಹೊತ್ಕೊಂಡು ಸಾಯಾಕತ್ತಾವು" ಎನ್ನುತ್ತಿದ್ದೆ.

ಶ್ರಾವಣದಲ್ಲಿ ಹಳ್ಳ ಗಾಜಿನ ಒಂದು ಗೇಣು ಕೆಳಗಿನವರೆಗೆ ಬಂತು. ಮೇಲಿನ ಕಾಡಿನಿಂದ ತೊಲೆಗಳು ತೇಲಿ ಬಂದು ಕಂಬಕ್ಕೆ ಬಡಿಯುತ್ತಿದ್ದವು; ಗುಡಿಸಲಿನ ತಟ್ಟೆಗಳು ಅಲ್ಲಾಡುತ್ತಿದ್ದವು. ಆಗ ನನ್ನ ಧೈರ್ಯ ಕುಸಿಯಿತು. ದೇವರ ಪಟದ ಒಡೆದ ಗಾಜು ಮೂಲೆಯಲ್ಲಿ ಬಿದ್ದಿತ್ತು. ಅದರಿಂದ ಬೆರಳುದ್ದದ ಮೂರು ತುಂಡು ಮಾಡಿ, ಅಂಚು ಕಲ್ಲಿಗೆ ಉಜ್ಜಿ, ಹಿಟ್ಟಿನ ಗಡಿಗೆಯಲ್ಲಿ ಹುಗಿದಿಟ್ಟೆ. ಸಾಹೇಬರ ಗಾಜು ಒಡೆದರೆ ಯಾರಿಗೂ ತಿಳಿಯದಂತೆ ಇವನ್ನು ಅಂಟಿಸುವುದು ಎಂದು ಲೆಕ್ಕ. ಅತ್ತೆ ನೋಡಿದಳು. "ರೊಟ್ಟಿಯಾಗ ಗಾಜು ಹಾಕಿ ಯಾರನ್ನ ಕೊಲ್ಲಾವಳದಿ?" ಎಂದಳು. ಹೇಳಿದೆ. ಅವಳು ಗಡಿಗೆಯ ಮುಚ್ಚಳ ಸರಿಯಾಗಿ ಮುಚ್ಚಿದಳು.

ಮಳೆ ಹೊರಟುಹೋಯಿತು. ಗಾಜು ಮೂರೂ ಹಾಗೇ ಇದ್ದವು. ಸೀಳಿಲ್ಲ, ಬಿರಿದಿಲ್ಲ. ಮೋಸದ ಅವಶ್ಯಕತೆಯೇ ಬೀಳಲಿಲ್ಲ. ನಾನು ಅಲ್ಲಿಗೇ ಸುಮ್ಮನೆ ಕುಳಿತಿದ್ದರೆ ಆ ಸೇತುವೆ ಇವತ್ತಿಗೂ ಇರುತ್ತಿತ್ತು.

ಖಂಡೇಪೂಜೆ, ಎಂದರೆ ಆಯುಧಪೂಜೆ, ಬಂತು. ನಮ್ಮ ಕಡೆ ಅವತ್ತು ಮನೆಯಲ್ಲಿ ಏನೇನು ಹತ್ಯಾರವಿದೆಯೋ ಅದೆಲ್ಲ ನೀರು ಕಾಣಬೇಕು, ಪೂಜೆ ಕಾಣಬೇಕು. ಗಾಡಿಯವರು ಬೆಳಿಗ್ಗೆಯೇ ಹಳ್ಳದಲ್ಲಿ ಗಾಲಿ ತೊಳೆಯುತ್ತಿದ್ದರು. ಅತ್ತೆ ಕುಡುಗೋಲು, ಹಂಚು, ಭಜಿ ಎತ್ತುವ ಝಾರಿ, ಒರಳಿನ ಗುಂಡು ಎಲ್ಲ ತೊಳೆದು ಸಾಲಾಗಿ ಇಟ್ಟು ವಿಭೂತಿ ಹಚ್ಚಿದಳು. ಆಮೇಲೆ ತಲೆ ಎತ್ತಿ ಕೇಳಿದಳು.

"ಸಾಹೇಬರ ಹತ್ಯಾರ?"

"ಯಾರೂ ಮುಟ್ಟಬ್ಯಾಡ್ರಿ ಅಂದಾರ."

"ಮುಟ್ಟಬ್ಯಾಡ ಅಂದದ್ದು ಮಂದೀಗೆ. ನೀ ಕಾವಲಿನಾಕಿ. ಇವತ್ತಿನ ದಿವಸ ಹತ್ಯಾರ ಪಾಚಿ ಹಿಡದು ಕುಂತ್ರ ಆ ದೋಷ ಯಾರಿಗೆ? ಅವಂಗೋ, ನಮಗೋ?"

ಈಗ ಹೇಳುವಾಗ ಅತ್ತೆಯ ಮೇಲೆ ಹಾಕುವುದು ಸುಲಭ. ಆದರೆ ನನಗೂ ಆ ಮಾತು ಸರಿಯೆಂದೇ ಕಂಡಿತ್ತು. ನಾಲ್ಕು ತಿಂಗಳ ಮಳೆಗೆ ಗಾಜಿನ ಮೇಲೆ ಹಸಿರು ಪಾಚಿ ಬೆಳೆದಿತ್ತು, ಕೆಸರು ಹಾರಿತ್ತು. ಎರಡು ದಿನದಲ್ಲಿ ಸಾಹೇಬರು ಬರುತ್ತಾರೆ. ಕಾವಲು ಕಾಯ್ದವಳ ಗಾಜು ಹೀಗಿದ್ದರೆ ಏನೆಂದಾರು? ತೆಂಗಿನ ನಾರು, ಅಂಟಲಕಾಯಿ ನೊರೆ, ಒಂದು ಕೊಡ ನೀರು ತೆಗೆದುಕೊಂಡು ಹೋದೆ.

ಮೊದಲನೆಯ ಗಾಜು ತಿಕ್ಕಿದ್ದೇ ತಡ, ಸುಣ್ಣದ ಉಂಡೆ ಸಮೇತ ನನ್ನ ಕೈಗೆ ಬಂತು. ಉಂಡೆ ಪುಡಿಪುಡಿಯಾಗಿ ನೀರಿಗೆ ಬಿತ್ತು. ಗಾಜು ಮಾತ್ರ ಇಡಿಯಾಗಿ ನನ್ನ ಅಂಗೈ ಮೇಲೆ. ಅದನ್ನು ಸೆರಗಿನಲ್ಲಿ ಕಟ್ಟಿಕೊಂಡೆ. ಗುಡಿಸಲಿಗೆ ಓಡಿದೆ. ಅತ್ತೆ ಸುಣ್ಣಕ್ಕೆ ಬೆಲ್ಲದ ನೀರು ಹಾಕಿ ಕಲಸಿಕೊಟ್ಟಳು. ಬೆಲ್ಲದ ಸುಣ್ಣ ಒಣಗಿದರೆ ಕಲ್ಲಿಗಿಂತ ಗಟ್ಟಿ. ಗಾಜು ಮತ್ತೆ ಅಂಟಿಸಿದೆ. ಅಲ್ಲಿಗಾದರೂ ನಿಲ್ಲಬೇಕೋ ಬೇಡವೋ? ಹಿಂದೆ ಸರಿದು ನೋಡಿದೆ. ಒಂದು ಹೊಸದು, ಬೆಳ್ಳಗೆ. ಎರಡು ಹಳೆಯವು, ಕರ್ರಗೆ. ಹೊಸ ಸೀರೆಗೆ ಹಳೆಯ ಅಂಚು ಹಚ್ಚಿದಂತೆ ಕಾಣುತ್ತಿತ್ತು. ಉಳಿದ ಎರಡನ್ನೂ ಕಿತ್ತೆ. ತೊಳೆದೆ. ಬೆಲ್ಲದ ಸುಣ್ಣದಲ್ಲಿ ಅಂಟಿಸಿದೆ. ಹಳೆಯ ಉಂಡೆಯ ಮೇಲೆ ಇದ್ದ ಗೀಚು ನೋಡಿದ್ದೆ. ಕೋಳಿ ಕೆದರಿದ ಹಾಗಿತ್ತು. ಹೊಸ ಉಂಡೆಯನ್ನು ಹೆಬ್ಬೆರಳಿನಿಂದ ನುಣ್ಣಗೆ ಸವರಿದೆ. ಮಿಕ್ಕ ಸುಣ್ಣದಲ್ಲಿ ಕಮಾನಿನ ಬುಡಕ್ಕೆ ಕಾರಣೆಯ ಪಟ್ಟೆ ಬಳಿದೆ. ಒಂದೊಂದು ಗಾಜಿಗೂ ಮೂರು ಬೆರಳು ವಿಭೂತಿ ಎಳೆದು ಕೈಮುಗಿದೆ. ಮುದುಕ ಗಾಡಿಯವನು ನೋಡಿ, "ಪೂಲಿನ ಲಗ್ನ ಐತೇನಬೇ?" ಎಂದ. ಅವನಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಅವನೂ ಕೈಮುಗಿದ.

ಬನ್ನಿ ಹಬ್ಬದ ಮರುದಿನ ಸಾಹೇಬರು ಬಂದರು. ನಾನು ಬನ್ನಿ ಎಲೆ ಹಿಡಿದು ದಂಡೆಯ ಮೇಲೆ ನಿಂತಿದ್ದೆ. "ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ ಸಾಹೇಬ್ರ" ಎಂದೆ. ಅವರು ನಗುತ್ತಾ ಎಲೆ ತೆಗೆದುಕೊಂಡು ಜೇಬಿಗೆ ಹಾಕಿ ಕಮಾನಿನ ಹತ್ತಿರ ಇಳಿದರು. ವಿಭೂತಿಯ ಗೆರೆ ನೋಡಿ ಮೊದಲು ಗಾಜು ಸೀಳಿದೆ ಎಂದುಕೊಂಡರು. ಕರವಸ್ತ್ರದಿಂದ ಒರೆಸಿದರು. ಗೆರೆ ಹೋಯಿತು. ಗಾಜು ಇಡಿಯಾಗಿತ್ತು. ಅವರ ಮುಖ ಅರಳಿತು. ಆಮೇಲೆ ಸುಣ್ಣದ ಉಂಡೆ ನೋಡಿದರು, ಬೆರಳಿನಿಂದ ಸವರಿದರು. ಅರಳಿದ ಮುಖ ಹಾಗೇ ಮುದುಡಿತು.

"ಇದರ ಮ್ಯಾಲ ನಾ ತಾರೀಖು ಬರದಿದ್ದೆ. ಎಲ್ಲಿ ಹೋತು?"

ತಾರೀಖು! ನಾನು ಕೋಳಿ ಕೆದರಿದ್ದು ಎಂದುಕೊಂಡದ್ದು ತಾರೀಖು.

"ಖಂಡೇಪೂಜಿಗೆ ತೊಳದೇನ್ರಿ" ಎಂದೆ. ಹೆಮ್ಮೆಯಿಂದಲೇ ಹೇಳಿದೆ, ದೇವರಾಣೆ. "ಒಂದು ಬಿಚ್ಚಿ ಬಂತ್ರಿ. ಚೆಂದ ಕಾಣವಲ್ದು ಅಂತ ಮೂರೂ ತಗದು ಗಟ್ಟಿ ಮಾಡಿ ಕುಂದ್ರಿಸೀನಿ. ಅವ ಗಾಜು ಅದಾವ್ರಿ, ಒಂದೂ ಒಡದಿರಲಿಲ್ಲ."

ಸಾಹೇಬರು ಕೊಡೆಯ ತುದಿಯಿಂದ ನೆಲ ಕೆದಕಿದರು. "ಅವ ಗಾಜು ಅಂತ ನನಗ ಹೆಂಗ ತಿಳೀಬೇಕು, ಬಾಯಿ? ಒಡದಿದ್ವು, ನೀವು ಬದಲಿ ಮಾಡೀರಿ ಅಂತ ಕೆಳಗಿನ ಊರವ್ರು ಅಂದ್ರ ನಾ ಏನು ಹೇಳಲಿ?"

ಆಗ ನನ್ನ ಅತ್ತೆ ಗುಡಿಸಲಿನಿಂದ ಬಂದಳು. ಸೊಂಟ ಹಿಡಿದುಕೊಂಡು ಬಂದವಳು ಹಿಟ್ಟಿನ ಗಡಿಗೆಯನ್ನೂ ತಂದಿದ್ದಳು. ಒಳಗೆ ಕೈ ಹಾಕಿ, ಹಿಟ್ಟು ಮೆತ್ತಿದ ಮೂರು ಗಾಜಿನ ತುಂಡು ತೆಗೆದು ಸಾಹೇಬರ ಮುಂದೆ ಹಿಡಿದಳು.

"ನೋಡ್ರಿ! ಬದಲಿ ಮಾಡಬೇಕಂತನ ಇವನ್ನ ಕೊರದು ಇಟ್ಟಿದ್ಳು ನನ್ನ ಸೊಸಿ. ಮಾಡಿದ್ರ ಇವು ಗಡಿಗ್ಯಾಗ ಇರತಿದ್ದವೇನ್ರಿ? ಎಣಿಸ್ರಿ, ಮೂರಕ್ಕ ಮೂರೂ ಅದಾವ!"

ಅವಳ ವಾದದಲ್ಲಿ ಒಂದು ತಪ್ಪನ್ನೂ ಹುಡುಕಲು ನನಗೆ ಇವತ್ತಿಗೂ ಆಗಿಲ್ಲ. ಅದಕ್ಕಿಂತ ಗಟ್ಟಿ ಸಾಕ್ಷಿ ಇನ್ನೇನು ಬೇಕು? ಆದರೆ ಕೆಳಗಿನ ಊರಿನ ಹಿರಿಯನೂ ಬಂದು ಸಾಹೇಬರ ಹಿಂದೆಯೇ ನಿಂತಿದ್ದ. ಅವನು ನಗಲಿಲ್ಲ, ಬೈಯಲಿಲ್ಲ. "ಸಾಕ್ರಿ" ಎಂದ, ಅಷ್ಟೇ.

ಸಾಹೇಬರು ಆ ತುಂಡುಗಳನ್ನು ತೆಗೆದುಕೊಳ್ಳಲಿಲ್ಲ. ನನ್ನ ಕಡೆ ನೋಡಿ ಹೇಳಿದರು. "ನಾ ನಿಮ್ಮನ್ನ ನಂಬತೀನಿ, ಬಾಯಿ. ಇಷ್ಟು ಪೆದ್ದತನದಿಂದ ಯಾರೂ ಮೋಸ ಮಾಡೂದಿಲ್ಲ. ಆದ್ರ ಬೆಳಗಾವಿಗೆ ಹೋಗಿ ಕಾಗದದ ಮ್ಯಾಲ ಏನು ಬರೀಲಿ? ಖಂಡೇಪೂಜಿ ಮಾಡಿದ್ರು ಅಂತ ಬರೀಲೇನು? ಇನ್ನೊಂದು ಮಳಿಗಾಲ ಕಾಯಾಕ ಮ್ಯಾಲಿನವ್ರು ಬಿಡೂದಿಲ್ಲ."

"ಹಂಗಾದ್ರ ಪೂಲು?"

"ಪೂಲು ಹೋತು."

ಸಾಹೇಬರು ಕುದುರೆ ಗಾಡಿ ಹತ್ತಿ ಹೋದರು. ಜೇಬಿನಿಂದ ಬನ್ನಿ ಎಲೆ ಇಣುಕುತ್ತಿತ್ತು.

ಮುಂದಿನ ಮಾತು ಇಲ್ಲೇ ಹೇಳಿಬಿಡುತ್ತೇನೆ. ಹೊಸ ಸೇತುವೆಗೆ ಕಲ್ಲು ಬೇಕೆಂದು ಹಳೆಯದನ್ನು ಒಡೆಯಲು ಬಂದವರ ಹಾರೆಗಳು ಬಾಗಿದವು. ಒಂದು ಬೇಸಿಗೆ ಪೂರ್ತಿ ಹೊಡೆದರು, ಕೊನೆಗೆ ಮದ್ದು ಹಾಕಿ ಹಾರಿಸಿದರು. ಅಷ್ಟು ಗಟ್ಟಿಯಿತ್ತು. ನನ್ನ ಮಾತು ಖರೇ ಎಂದು ಎಲ್ಲರೂ ಒಪ್ಪಿದರು, ಸೇತುವೆ ಇಲ್ಲದಾದ ಮೇಲೆ. ನನ್ನ ಬೆಲ್ಲದ ಸುಣ್ಣ ಮೆತ್ತಿದ ಕಲ್ಲೊಂದು ಹೊಸ ಸೇತುವೆಯ ಕಂಬದಲ್ಲಿ ತಲೆಕೆಳಗಾಗಿ ಕುಳಿತಿತ್ತು. ಅರ್ಧ ತುಂಡು ಗಾಜು ಆಗಲೂ ಅಂಟಿಕೊಂಡಿತ್ತು. ಅರ್ಜಿ ಹಿಡಿದು ಬಂದವರಿಗೆ ಅದನ್ನು ಹೇಳಲಿಲ್ಲ. ಹೇಳಿದ್ದರೆ ಅದರ ಪೂಜೆ ಶುರು ಮಾಡುತ್ತಿದ್ದರು. ಹೊಸ ಸೇತುವೆಯ ಮೇಲೆ ಜಡ್ಡಿನವರು ಮೋಟಾರಿನಲ್ಲಿ ಕುಳಿತೇ ಖಾನಾಪುರದ ದವಾಖಾನೆಗೆ ಹೋದರು. ಐದು ವರ್ಷದ ಮೇಲೆ ಅತ್ತೆಯನ್ನೂ ನಾನು ಹಾಗೆಯೇ ಒಯ್ದೆ. ಹಳೆಯದೇ ಇದ್ದಿದ್ದರೆ ಹೊತ್ತುಕೊಂಡು ಹೋಗಬೇಕಿತ್ತು. ಅವಳು ಹಗುರ ಇರಲಿಲ್ಲ.

ಸಾಹೇಬರು ಹೋದ ಆ ಸಾಯಂಕಾಲ ಗಡಿಗೆಯ ಹಿಟ್ಟನ್ನು ಎರಡು ಸಲ ಜರಡಿ ಹಿಡಿದು ರೊಟ್ಟಿ ಬಡಿದೆ. ಉಣ್ಣುವಾಗ ಅತ್ತೆ ಕೇಳಿದಳು. "ಸುಣ್ಣಕ್ಕ ಬೆಲ್ಲ ಜಾಸ್ತಿ ಆತೇನು?"

"ಬೆಲ್ಲ ಬರೋಬ್ಬರಿ ಇತ್ತು" ಎಂದೆ.

ಮರುದಿನ ಬೆಳಿಗ್ಗೆ ಒಲೆಯ ಮೂರು ಕಲ್ಲುಗಳನ್ನು ಬುಟ್ಟಿಯಲ್ಲಿಟ್ಟು ತಲೆಯ ಮೇಲೆ ಹೊತ್ತೆ. ಅತ್ತೆ ಹಂಚು ಹಿಡಿದು ಹಿಂದೆ ಬಂದಳು. ಹಳ್ಳದ ಗುಂಟ ಅರ್ಧ ಮೈಲು ಕೆಳಗೆ ನಡೆದೆವು. ಹೊಸ ಸೇತುವೆಯ ಜಾಗದಲ್ಲಿ ಸಾಹೇಬರ ಕಡೆಯವರು ಬೇಸಿಗೆಯಲ್ಲೇ ಕೆಂಪು ಬಟ್ಟೆ ಕಟ್ಟಿದ ಗೂಟ ಹೊಡೆದಿದ್ದರು. ಕೆಳಗಿನ ಊರಿನವರು ಇನ್ನೂ ಎದ್ದಿರಲಿಲ್ಲ. ಗೂಟದಿಂದ ಎರಡು ಮಾರು ಈಚೆ ಹುಲ್ಲು ಕೆರೆದು ಕಲ್ಲು ಹೂಡಿದೆ, ಒಲೆ ಹೊತ್ತಿಸಿದೆ. ಗೂಟಕ್ಕೆ ಕಟ್ಟಿದ ಬಟ್ಟೆ ಮಳೆಗೆ ಕೆಸರಾಗಿ ಬಣ್ಣವೇ ತಿಳಿಯುತ್ತಿರಲಿಲ್ಲ. ಹಳ್ಳ ಪಕ್ಕದಲ್ಲೇ ಇತ್ತು, ನೀರೂ ತಿಳಿಯಾಗಿತ್ತು. ಅತ್ತೆ ಆ ಬಟ್ಟೆ ನೋಡಿದಳು, ನನ್ನ ಮುಖ ನೋಡಿದಳು.

"ಸುಮ್ಮ ಕುಂದರ್ರಿ ಅತ್ತಿ" ಎಂದು ನಾನು ಎಣ್ಣೆಗೆ ಭಜಿ ಬಿಟ್ಟೆ.